ಕಾಯುವ ಒಂದು ವರ್ಷ

ಮಾರಿಕಣಿವೆಯ ಅಣೆಕಟ್ಟನ್ನು ಕಂಡವರಿಗೆ ನಮ್ಮ ಜಿಲ್ಲೆಯ ಸ್ವಭಾವ ಸ್ವಲ್ಪಮಟ್ಟಿಗೆ ತಿಳಿಯುತ್ತದೆ. ಹಿರಿಯೂರಿನ ಸಮೀಪ, ಎರಡು ಗುಡ್ಡಗಳ ನಡುವೆ, ವೇದಾವತಿ ನದಿಗೆ ಅಡ್ಡಲಾಗಿ ಎದ್ದ ಆ ಕಲ್ಲಿನ ಕಟ್ಟಡ ಮುಗಿದದ್ದು 1907ರಲ್ಲಿ. ಜಲಾಶಯ ತುಂಬಿ ಮೊದಲ ಸಲ ಕೋಡಿ ಹರಿದದ್ದು 1933ರಲ್ಲಿ. ಎರಡನೆಯ ಸಲ ಕೋಡಿ ಬಿದ್ದದ್ದು 2022ರಲ್ಲಿ. ನಡುವೆ 89 ವರ್ಷಗಳು ಸಂದವು. ಮೊದಲ ಕೋಡಿಯನ್ನು ಕೂಸಾಗಿ ತಾಯಿಯ ಕಂಕುಳಲ್ಲಿ ಕುಳಿತು ಕಂಡವರು ಎರಡನೆಯದನ್ನು ಮೊಮ್ಮಕ್ಕಳ ತೋಳು ಹಿಡಿದು ನೋಡಬೇಕಾಯಿತು. ಆದ್ದರಿಂದ ಚಿತ್ರದುರ್ಗ ಸೀಮೆಯವರಿಗೆ ಕಾಯುವುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಇಂದು ನಾನು ಹೇಳಹೊರಟಿರುವುದು ಇನ್ನೊಂದು ಬಗೆಯ ಕಾಯುವಿಕೆಯ ಚರಿತ್ರೆ. ಹೊಸದುರ್ಗದಲ್ಲೋ ಹೊಳಲ್ಕೆರೆಯಲ್ಲೋ ಒಂದು ಮನೆ. ಮಗಳೋ ಮಗನೋ ವಿಜ್ಞಾನದ ಪರೀಕ್ಷೆ ಮುಗಿಸಿದ್ದಾರೆ. ಅಂಕಗಳು ಕೆಟ್ಟವಲ್ಲ, ನೆರೆಹೊರೆಯವರಿಗೆ ಸಕ್ಕರೆ ಹಂಚುವಷ್ಟು ಒಳ್ಳೆಯವೇ. ಆದರೆ ವೈದ್ಯಕೀಯ ಕಾಲೇಜಿನ ಬಾಗಿಲು ತೆರೆಯಲು ಅಷ್ಟು ಸಾಲದು. ರಾತ್ರಿ ಊಟವಾದ ಮೇಲೆ ತಂದೆ ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದು, "ಇನ್ನೊಂದು ವರ್ಷ ನೋಡೋಣ" ಎನ್ನುತ್ತಾನೆ. ಈ ‘ಇನ್ನೊಂದು ವರ್ಷ’ ಎಂಬುದಕ್ಕೆ ನಮ್ಮ ಶಿಕ್ಷಣದ ಇತಿಹಾಸದಲ್ಲಿ ಒಂದು ಅಧ್ಯಾಯವಿಲ್ಲ. ಕಾಲೇಜುಗಳು ಸ್ಥಾಪನೆಯಾದ ವರ್ಷಗಳನ್ನು ನಾವು ಬರೆದಿಡುತ್ತೇವೆ. ಕಾಲೇಜಿನ ಹೊರಗೆ ನಿಂತವರು ಕಳೆದ ವರ್ಷಗಳನ್ನು ಬರೆದಿಡುವುದಿಲ್ಲ. ಆ ವರ್ಷ ಯಾರ ವಶದಲ್ಲಿತ್ತು, ಅದರ ಖರ್ಚನ್ನು ಯಾರು ಹೊತ್ತರು, ಅದು ಕೊನೆಗೆ ವಿದ್ಯಾರ್ಥಿಯ ಕೈಯಲ್ಲಿ ಏನನ್ನು ಉಳಿಸಿತು ಎಂಬ ಮೂರು ಪ್ರಶ್ನೆಗಳನ್ನು ಹಿಡಿದುಕೊಂಡು ಹಿಂದಿನಿಂದ ಇಂದಿನವರೆಗೆ ಒಮ್ಮೆ ನಡೆದು ಬರೋಣ.

ಮೊದಲು ದೂರದ ಒಂದು ದೇಶದ ಮಾತನ್ನು ಹೇಳಿಬಿಡುತ್ತೇನೆ; ನಮ್ಮದನ್ನು ಅಳೆಯಲು ಅದು ಅಳತೆಗೋಲಾದೀತು. ಅಮೆರಿಕದಲ್ಲಿ ವೈದ್ಯಶಾಸ್ತ್ರವನ್ನು ಕಲಿಯಬೇಕಾದರೆ ಮೊದಲು ಪದವೀಧರನಾಗಿರಬೇಕು ಎಂಬ ಕಟ್ಟುನಿಟ್ಟನ್ನು ಆಚರಣೆಗೆ ತಂದದ್ದು 1893ರಲ್ಲಿ ಆರಂಭವಾದ ಜಾನ್ಸ್ ಹಾಪ್ಕಿನ್ಸ್ ವೈದ್ಯಕೀಯ ಶಾಲೆ. 1910ರಲ್ಲಿ ಅಬ್ರಹಾಂ ಫ್ಲೆಕ್ಸ್‌ನರ್ ಎಂಬ ಶಿಕ್ಷಣತಜ್ಞರು ಅಮೆರಿಕ ಮತ್ತು ಕೆನಡಾ ದೇಶಗಳ 155 ವೈದ್ಯಶಾಲೆಗಳನ್ನು ಪರಿಶೀಲಿಸಿ ಬರೆದ ವರದಿ ಆ ಕಟ್ಟುನಿಟ್ಟಿಗೆ ಬಲ ಕೊಟ್ಟಿತು. ಹೀಗಾದಾಗ, ಸಾಹಿತ್ಯವನ್ನೋ ಇತಿಹಾಸವನ್ನೋ ಓದಿ ಪದವಿ ಪಡೆದವನೊಬ್ಬನಿಗೆ ತಡವಾಗಿ ವೈದ್ಯನಾಗುವ ಹಂಬಲ ಹುಟ್ಟಿದರೆ ಅವನ ಗತಿಯೇನು ಎಂಬ ಪ್ರಶ್ನೆ ಬಂತು. ಉತ್ತರವಾಗಿ ಅಲ್ಲಿನ ವಿಶ್ವವಿದ್ಯಾನಿಲಯಗಳೇ ಪದವಿಯ ನಂತರದ, ವೈದ್ಯಶಾಲೆಯ ಮುಂಚಿನ ಒಂದೆರಡು ವರ್ಷದ ಸಿದ್ಧತಾ ಶಿಕ್ಷಣವನ್ನು ಏರ್ಪಡಿಸಿದವು. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯದಲ್ಲಿ ಇದು 1955ರಲ್ಲಿ, ಬ್ರಿನ್ ಮಾರ್ ಕಾಲೇಜಿನಲ್ಲಿ 1972ರಲ್ಲಿ ಮೊದಲಾಯಿತು. ಅದೇನೂ ಅಗ್ಗದ ವ್ಯವಸ್ಥೆಯಲ್ಲ. ಉಳ್ಳವರಿಗೇ ಹೆಚ್ಚು ಅನುಕೂಲವಾದದ್ದು. ಆದರೂ ಅದರಲ್ಲಿ ಒಂದು ತತ್ತ್ವವಿದೆ. ಕಾಯುವವನ ವರ್ಷವೂ ವಿದ್ಯೆಯ ವರ್ಷವೇ. ಅದಕ್ಕೊಂದು ಪ್ರಯೋಗಶಾಲೆ, ಒಬ್ಬ ಅಧ್ಯಾಪಕ, ಒಂದು ಮಾನ್ಯತೆ ಇರಬೇಕು ಎಂಬುದು ಆ ತತ್ತ್ವ.

ನಮ್ಮ ದೇಶದಲ್ಲಿ ಪದವಿಯ ಮುಂಚೆಯೇ ವೈದ್ಯಕೀಯ ಕಾಲೇಜಿಗೆ ಸೇರುತ್ತಾರೆ. ಆದ್ದರಿಂದ ನಮ್ಮ ಕಾಯುವ ವರ್ಷ ಬೇರೆ ಕಡೆ ಅಡಗಿಕೊಂಡಿದೆ. ಅದನ್ನು ಹುಡುಕಬೇಕಾದರೆ ಹಳೆಯ ಮೈಸೂರು ಸಂಸ್ಥಾನದಿಂದ ಹೊರಡಬೇಕು.

ಸಂಸ್ಥಾನದಲ್ಲಿ ಪದವಿ ಕೊಡುವ ವೈದ್ಯಕೀಯ ಕಾಲೇಜು ಹುಟ್ಟಿದ್ದು 1924ರಲ್ಲಿ, ಬೆಂಗಳೂರಿನಲ್ಲಿ. 1930ರಲ್ಲಿ ಅದು ಮೈಸೂರಿಗೆ ಸ್ಥಳಾಂತರವಾಯಿತು. ಅದಕ್ಕೆ ಮುಂಚೆ ಪೂರ್ಣ ವೈದ್ಯ ಪದವಿ ಬೇಕೆಂದವರು ಮದರಾಸಿಗೋ ಮುಂಬಯಿಗೋ ಹೋಗಬೇಕಾಗಿತ್ತು. ಮೈಸೂರಿನಲ್ಲಿ ಕಾಲೇಜು ನೆಲೆಗೊಂಡ ಮೇಲೂ ಚಿತ್ರದುರ್ಗದ ಕಡೆಯ ಹುಡುಗನಿಗೆ ದಾರಿ ಹತ್ತಿರವಾಗಲಿಲ್ಲ. ಹೈಸ್ಕೂಲು ಮುಗಿಸಿ, ಎರಡು ವರ್ಷದ ಇಂಟರ್‌ಮೀಡಿಯೆಟ್ ತರಗತಿಯಲ್ಲಿ ಭೌತ, ರಸಾಯನ, ಜೀವಶಾಸ್ತ್ರಗಳನ್ನು ಓದಿ, ಆಮೇಲೆ ಅರ್ಜಿ ಹಾಕಬೇಕು. ಆ ಎರಡು ವರ್ಷಗಳೇ ಅಂದಿನ ಹೊಸ್ತಿಲು. ಅದನ್ನು ದಾಟಲು ಊರು ಬಿಡಬೇಕು. ಊರು ಬಿಟ್ಟ ಮೇಲೆ ಅನ್ನಕ್ಕೆ ದಾರಿ ಹುಡುಕಬೇಕು. ವಾರಾನ್ನದ ಮನೆಗಳು, ಜಾತಿಗೊಂದರಂತೆ ಎದ್ದ ವಿದ್ಯಾರ್ಥಿನಿಲಯಗಳು, ಮಠಗಳ ಪ್ರಸಾದನಿಲಯಗಳು ಆ ಕಾಲದ ವಿದ್ಯಾರ್ಥಿವೇತನಗಳಾಗಿದ್ದವು. ಚಿತ್ರದುರ್ಗದ ಬೃಹನ್ಮಠದ ಜಯದೇವ ಮುರುಘರಾಜೇಂದ್ರ ಸ್ವಾಮಿಗಳು ನಾಡಿನ ಹಲವು ಊರುಗಳಲ್ಲಿ ಉಚಿತ ವಿದ್ಯಾರ್ಥಿನಿಲಯಗಳನ್ನು ತೆರೆಸಿದ್ದು ಈ ಹಿನ್ನೆಲೆಯಲ್ಲಿಯೇ ಅರ್ಥವಾಗುವ ಕೆಲಸ. ಓದುವುದಕ್ಕೆ ಬುದ್ಧಿಯಷ್ಟೇ ಸಾಲದು, ಓದುವಾಗ ಉಣ್ಣಬೇಕು ಎಂಬ ಸರಳ ಸತ್ಯವನ್ನು ಅವರು ಕಂಡಿದ್ದರು.

ವೈದ್ಯರ ಅಗತ್ಯವಂತೂ ಈ ಸೀಮೆಯಲ್ಲಿ ತೀವ್ರವಾಗಿಯೇ ಇತ್ತು. ನೀರಾವರಿಯ ಹಿಂದೆಯೇ ಚಳಿಜ್ವರ ಬಂತು. 1920ರ ದಶಕದ ಕೊನೆಯ ಹೊತ್ತಿಗೆ ಮೈಸೂರು ಸರ್ಕಾರ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಮಲೇರಿಯಾ ಅಧ್ಯಯನವನ್ನು ಕೈಗೊಂಡಾಗ ಆರಿಸಿಕೊಂಡ ಸ್ಥಳಗಳಲ್ಲಿ ಹಿರಿಯೂರೂ ಒಂದು. ಸೊಳ್ಳೆಯನ್ನು ಪರೀಕ್ಷಿಸಲು ಪರದೇಶದ ವಿಜ್ಞಾನಿಗಳು ಹಿರಿಯೂರಿಗೆ ಬಂದರು. ಹಿರಿಯೂರಿನ ಹುಡುಗ ವೈದ್ಯನಾಗಲು ಮೈಸೂರಿಗೆ ಹೋಗುವ ದಾರಿ ಮಾತ್ರ ಉದ್ದವಾಗಿಯೇ ಉಳಿಯಿತು.

ಸ್ವಾತಂತ್ರ್ಯ ಬಂದ ಮೇಲೆ ಕಾಲೇಜುಗಳು ಹೆಚ್ಚಿದವು. 1955ರಲ್ಲಿ ಬೆಂಗಳೂರು, 1957ರಲ್ಲಿ ಹುಬ್ಬಳ್ಳಿ, 1961ರಲ್ಲಿ ಬಳ್ಳಾರಿ. ಇತ್ತ ಇಂಟರ್‌ಮೀಡಿಯೆಟ್ ಹೋಗಿ ಒಂದು ವರ್ಷದ ಪಿ.ಯು.ಸಿ. ಬಂತು. ಅದಾದ ಮೇಲೆ ವೈದ್ಯಕೀಯಕ್ಕೆ ಆಯ್ಕೆಯಾದವರು ಮೊದಲು ಒಂದು ವರ್ಷ ‘ಪ್ರೀ-ಪ್ರೊಫೆಷನಲ್’ ತರಗತಿಯಲ್ಲಿ ಮೂಲವಿಜ್ಞಾನಗಳನ್ನು ಓದುತ್ತಿದ್ದರು. 1970ರ ಸರ್ಕಾರಿ ಆಯ್ಕೆ ನಿಯಮಗಳು ‘ಪ್ರೀ-ಪ್ರೊಫೆಷನಲ್ ಅಥವಾ ಬಿ.ಎಸ್‌ಸಿ. ಮೊದಲ ಭಾಗ’ ಎಂದು ಎರಡನ್ನೂ ಒಟ್ಟಿಗೇ ಹೆಸರಿಸಿದ್ದವು. ಇದನ್ನು ಸ್ವಲ್ಪ ನಿಂತು ಗಮನಿಸಬೇಕು. ವೈದ್ಯನಾಗಹೊರಟವನೂ ವಿಜ್ಞಾನ ಪದವಿಗೆ ಹೊರಟವನೂ ಆ ಒಂದು ವರ್ಷ ಹೆಚ್ಚುಕಡಿಮೆ ಒಂದೇ ಹಾದಿಯಲ್ಲಿ ನಡೆಯುತ್ತಿದ್ದರು ಎಂಬುದು ಅದರ ಅರ್ಥ. ಆಯ್ಕೆಯಾಗದವನು ದಾರಿಯ ಹೊರಗೆ ಬೀಳುತ್ತಿರಲಿಲ್ಲ. ಪಕ್ಕದ ದಾರಿಯಲ್ಲಿ ಇರುತ್ತಿದ್ದ.

ಆಯ್ಕೆ ಹೇಗೆ ನಡೆಯಬೇಕು ಎಂಬುದರ ಮೇಲೆ ಆ ದಶಕದಲ್ಲಿ ನಡೆದ ಮೊಕದ್ದಮೆಗಳು ಭಾರತದ ಸಂವಿಧಾನದ ಚರಿತ್ರೆಯಲ್ಲಿಯೇ ಸ್ಥಾನ ಪಡೆದಿವೆ. ಅವುಗಳಲ್ಲಿ ಮುಖ್ಯವಾದ ಮೂರು ನಮ್ಮ ಮೈಸೂರು ರಾಜ್ಯದಿಂದ ಹೋದವು. 1962ರ ಜುಲೈ 31ರ ಆಜ್ಞೆಯಲ್ಲಿ ಸರ್ಕಾರ ವೈದ್ಯಕೀಯ ಮತ್ತು ಇಂಜಿನಿಯರಿಂಗ್ ಕಾಲೇಜುಗಳ ನೂರಕ್ಕೆ 68 ಸ್ಥಾನಗಳನ್ನು ಹಿಂದುಳಿದ ವರ್ಗಗಳಿಗೂ ಪರಿಶಿಷ್ಟ ಜಾತಿ ಮತ್ತು ಪಂಗಡಗಳಿಗೂ ಕಾದಿರಿಸಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ, ಎಂ.ಆರ್. ಬಾಲಾಜಿ ಮೊಕದ್ದಮೆಯಲ್ಲಿ, ಸರ್ವೋಚ್ಚ ನ್ಯಾಯಾಲಯ ಆ ಆಜ್ಞೆಯನ್ನು ರದ್ದುಮಾಡಿ, ಮೀಸಲಾತಿ ಸಾಮಾನ್ಯವಾಗಿ ಅರ್ಧಕ್ಕಿಂತ ಕಡಿಮೆಯಿರಬೇಕು ಎಂದಿತು. ಎರಡು ವರ್ಷ ಕಳೆಯುವಷ್ಟರಲ್ಲಿ ಚಿತ್ರಲೇಖಾ ಮೊಕದ್ದಮೆ ತೀರ್ಮಾನವಾಯಿತು. ಅಲ್ಲಿ ಪ್ರಶ್ನೆ ಸಂದರ್ಶನದ್ದು. ಐಚ್ಛಿಕ ವಿಷಯಗಳ ಗರಿಷ್ಠ ಅಂಕಗಳ ಕಾಲು ಭಾಗದಷ್ಟನ್ನು ಸಂದರ್ಶನಕ್ಕೆ ಇಡಲಾಗಿತ್ತು. ಸಾಮಾನ್ಯ ಜ್ಞಾನ, ಅಭಿರುಚಿ ಮತ್ತು ವ್ಯಕ್ತಿತ್ವ, ಹಿಂದಿನ ವ್ಯಾಸಂಗದ ಸಾಧನೆ, ಎನ್.ಸಿ.ಸಿ., ಆಟೋಟ, ಚರ್ಚೆ, ನಾಟಕ ಮುಂತಾದವು ಅದರ ಬಾಬುಗಳು. 1964ರಲ್ಲಿ ನ್ಯಾಯಾಲಯದ ಬಹುಮತ, ದುರುಪಯೋಗಕ್ಕೆ ಆಸ್ಪದವಿರಬಹುದಾದರೂ ಸಂದರ್ಶನ ತನ್ನಷ್ಟಕ್ಕೆ ಕಾನೂನುಬಾಹಿರವಲ್ಲ ಎಂದಿತು. ನ್ಯಾಯಮೂರ್ತಿ ಮುಧೋಳ್ಕರ್ ಭಿನ್ನಮತ ಬರೆದರು.

ನ್ಯಾಯದ ಸೂಕ್ಷ್ಮಗಳನ್ನು ಪಕ್ಕಕ್ಕಿಟ್ಟು ಆ ಸಂದರ್ಶನದ ಕೊಠಡಿಯನ್ನು ಕಲ್ಪಿಸಿಕೊಳ್ಳೋಣ. ಹೊಳಲ್ಕೆರೆಯಿಂದ ರಾತ್ರಿ ರೈಲು ಹತ್ತಿ ಬಂದ ಹುಡುಗ. ಕನ್ನಡದಲ್ಲಿ ಹೈಸ್ಕೂಲು ಓದಿದವನು. ಅಂಗಿ ಇಸ್ತ್ರಿಯಾಗಿದೆ, ಮಾತು ಆಗಿಲ್ಲ. ಅವನ ಊರಿನ ಶಾಲೆಯಲ್ಲಿ ಚರ್ಚಾಸ್ಪರ್ಧೆಯೂ ಇಲ್ಲ, ಟೆನ್ನಿಸ್ಸೂ ಇಲ್ಲ. ಅವನಿಗೆ ಗೊತ್ತಿರುವ ಸಮಾಜಸೇವೆಯೆಂದರೆ ಕ್ಷಾಮದ ವರ್ಷದಲ್ಲಿ ಮನೆಯ ದನಗಳಿಗೆ ಮೇವು ಹೊತ್ತು ತಂದದ್ದು. ಅದನ್ನು ಯಾವ ಬಾಬಿನಲ್ಲಿ ಬರೆಯುವುದು? ಅಂಕಪಟ್ಟಿಯಲ್ಲಿ ಗೆದ್ದು ಮಾತಿನಲ್ಲಿ ಸೋತವನಿಗೆ, ಮುಂದಿನ ವರ್ಷ ಮತ್ತೆ ಬಂದರೂ, ಸುಧಾರಿಸಿಕೊಳ್ಳಬೇಕಾದದ್ದು ಏನೆಂದೇ ತಿಳಿಯುವಂತಿರಲಿಲ್ಲ.

ಮೂರನೆಯ ಮೊಕದ್ದಮೆ 1971ರ ಚಂಚಲಾ ಪ್ರಕರಣ. ಆಗ ರಾಜ್ಯದಲ್ಲಿ ಮೈಸೂರು, ಕರ್ನಾಟಕ, ಬೆಂಗಳೂರು ಎಂದು ಮೂರು ವಿಶ್ವವಿದ್ಯಾನಿಲಯಗಳಿದ್ದವು. ಆಯಾ ವಿಶ್ವವಿದ್ಯಾನಿಲಯದ ಸರ್ಕಾರಿ ವೈದ್ಯಕೀಯ ಕಾಲೇಜುಗಳಲ್ಲಿ ಬಹುಪಾಲು ಸ್ಥಾನಗಳು ಅದರ ವ್ಯಾಪ್ತಿಯಲ್ಲಿಯೇ ಓದಿದವರಿಗೆ. ಹೊರಗಿನವರಿಗೆ ನೂರಕ್ಕೆ 20ನ್ನು ಮೀರದಂತೆ. ಈ ಹಂಚಿಕೆಯನ್ನು ನ್ಯಾಯಾಲಯ ಎತ್ತಿಹಿಡಿಯಿತು. ಮೈಸೂರು ವಿಶ್ವವಿದ್ಯಾನಿಲಯಕ್ಕೆ ಸೇರಿದ್ದ ಚಿತ್ರದುರ್ಗದ ವಿದ್ಯಾರ್ಥಿಗಳು ಹೀಗಾಗಿ ರಾಜಧಾನಿಯ ಕಾಲೇಜುಗಳಲ್ಲಿ ಓದಿದವರೊಡನೆ ನೇರವಾಗಿ ಸೆಣಸಬೇಕಾಗಿರಲಿಲ್ಲ. ಓಟ ಒಂದೇ ಆದರೂ ಎಲ್ಲರೂ ಒಂದೇ ಗೆರೆಯಿಂದ ಹೊರಡುವುದಿಲ್ಲ ಎಂಬ ತಿಳಿವಳಿಕೆ ಆ ನಿಯಮದಲ್ಲಿತ್ತು.

ಆ ಹೊತ್ತಿಗೆ ನಮ್ಮ ಜಿಲ್ಲೆಗೇ ಒಂದು ವೈದ್ಯಕೀಯ ಕಾಲೇಜು ಬಂದಿತ್ತು. ದಾವಣಗೆರೆಯಲ್ಲಿ 1965ರಲ್ಲಿ ಆರಂಭವಾದ ಖಾಸಗಿ ಕಾಲೇಜು ಚಿತ್ರದುರ್ಗದ ಜಯದೇವ ಮುರುಘರಾಜೇಂದ್ರ ಸ್ವಾಮಿಗಳ ಹೆಸರನ್ನೇ ಹೊತ್ತುಕೊಂಡಿತು. ದಾವಣಗೆರೆ ಆಗ ಚಿತ್ರದುರ್ಗ ಜಿಲ್ಲೆಯ ತಾಲ್ಲೂಕು. ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಹೊಳಲ್ಕೆರೆಯವನಿಗೆ ಬಸ್ಸಿನಲ್ಲಿ ಹೋಗಿ ಸಂಜೆಗೆ ಮರಳಬಹುದಾದಷ್ಟು ಸಮೀಪದಲ್ಲಿ ವೈದ್ಯಶಾಸ್ತ್ರ ಬಂದು ಕುಳಿತಿತು. ಆದರೆ ಮೈಲಿಯ ದೂರ ಕಡಿಮೆಯಾದಷ್ಟು ರೂಪಾಯಿಯ ದೂರ ಕಡಿಮೆಯಾಗುವುದಿಲ್ಲ ಎಂಬುದನ್ನು ಮುಂದಿನ ಇಪ್ಪತ್ತೈದು ವರ್ಷ ಇಡೀ ರಾಜ್ಯ ಕಲಿಯಬೇಕಾಗಿತ್ತು.

ಸೀಟು ಸಿಗದವರು ಏನು ಮಾಡಿದರು? ಅವರು ಚಿತ್ರದುರ್ಗದ ಸರ್ಕಾರಿ ವಿಜ್ಞಾನ ಕಾಲೇಜಿಗೋ ದಾವಣಗೆರೆಗೋ ಹೋಗಿ ಬಿ.ಎಸ್‌ಸಿ. ಸೇರಿದರು. "ಸದ್ಯಕ್ಕೆ" ಎಂಬ ಮಾತು ಅವರ ಬಾಯಲ್ಲಿತ್ತು. ಸದ್ಯಕ್ಕೆ ಸೇರಿದ ಆ ತರಗತಿಯಲ್ಲಿ ಸಸ್ಯಗಳ ಅಡ್ಡಛೇದ ಕತ್ತರಿಸಿದರು, ಕಪ್ಪೆಯನ್ನು ಬಗೆದರು, ಮುಂದಿನ ಜೂನಿನಲ್ಲಿ ಮತ್ತೆ ಅರ್ಜಿ ಹಾಕಿದರು. ಕೆಲವರಿಗೆ ಸಿಕ್ಕಿತು, ಹಲವರಿಗೆ ಸಿಗಲಿಲ್ಲ. ಸಿಗದವರು ಪದವಿ ಮುಗಿಸಿ ಹೈಸ್ಕೂಲು ಮೇಷ್ಟ್ರಾದರು, ಬ್ಯಾಂಕಿಗೆ ಹೋದರು, ಕೃಷಿ ಇಲಾಖೆಗೆ ಸೇರಿದರು. ನನಗೆ ಜೀವಶಾಸ್ತ್ರ ಹೇಳಿಕೊಟ್ಟ ಮೇಷ್ಟ್ರು ಇಂಥವರಲ್ಲೊಬ್ಬರು. ಹೃದಯದ ಚಿತ್ರವನ್ನು ಕಪ್ಪುಹಲಗೆಯ ಮೇಲೆ ಬರೆಯುವಾಗ ಅವರ ಕೈ ಬೇರೆ ಯಾವ ಚಿತ್ರಕ್ಕೂ ತೋರಿಸದ ಎಚ್ಚರವನ್ನು ತೋರಿಸುತ್ತಿತ್ತು. ಕಾರಣ ಆಮೇಲೆ ತಿಳಿಯಿತು. ಎರಡು ಸಲ ಅರ್ಜಿ ಹಾಕಿದ್ದರಂತೆ. ಅವರ ನಿರಾಶೆಯಿಂದ ಅವರಿಗೆ ಆದ ನಷ್ಟವನ್ನು ನಾನು ಅಳೆಯಲಾರೆ. ಆದರೆ ಅವರು ಕಾದ ವರ್ಷ ನಮ್ಮಂಥ ನೂರಾರು ಮಕ್ಕಳಿಗೆ ಪಾಠವಾಗಿ ಉಳಿಯಿತು. ಆ ವರ್ಷ ಒಂದು ಸಾರ್ವಜನಿಕ ಕಾಲೇಜಿನೊಳಗೆ ಕಳೆದಿದ್ದರಿಂದ ಅದು ಪೂರ್ತಿ ವ್ಯರ್ಥವಾಗಲಿಲ್ಲ. ಸೋತವನ ಕೈಯಲ್ಲೂ ಒಂದು ಪದವಿಯಿತ್ತು.

1970ರ ದಶಕದಲ್ಲಿ ಪಿ.ಯು.ಸಿ. ಎರಡು ವರ್ಷದ್ದಾಗಿ ಬೇರೂರಿತು. ಪ್ರೀ-ಪ್ರೊಫೆಷನಲ್ ಎಂಬ ಹೆಸರು ಕ್ರಮೇಣ ಮರೆತುಹೋಯಿತು. ಎರಡನೆಯ ಪಿ.ಯು.ಸಿ. ಮುಗಿದ ಕೂಡಲೇ ಒಳಗೆ ಅಥವಾ ಹೊರಗೆ ಎಂಬಂತಾಯಿತು. ಇದೇ ಕಾಲದಲ್ಲಿ ‘ಡೊನೇಷನ್’ ಎಂಬ ಶಬ್ದ ಕನ್ನಡದ ಆಡುಮಾತಿಗೆ ಬಂದು ಸೇರಿತು. ದಾನವೆಂಬ ಪದಕ್ಕೆ ಇಂಗ್ಲಿಷಿನ ವೇಷ ಹಾಕಿ ನಾವು ಅದರ ಅರ್ಥವನ್ನೇ ತಲೆಕೆಳಗು ಮಾಡಿದೆವು. ಕೊಡುವವನು ಇಚ್ಛೆಯಿಂದ ಕೊಟ್ಟರೆ ದಾನ. ತೋಟ ಮಾರಿ ಕೊಟ್ಟರೆ ಡೊನೇಷನ್. ಕಾಯುವ ವರ್ಷವನ್ನು ಹಣದಿಂದ ಕೊಂಡು ದಾಟಬಹುದು ಎಂದಾಯಿತು. ಹಣವಿಲ್ಲದವನು ಮಾತ್ರ ಕಾಯಬೇಕು.

1984ರಲ್ಲಿ ರಾಜ್ಯ ವಿಧಾನಮಂಡಲ ಕ್ಯಾಪಿಟೇಷನ್ ಶುಲ್ಕ ನಿಷೇಧದ ಕಾಯಿದೆಯನ್ನು ತಂದಿತು. ಆ ಕಾಯಿದೆಯಡಿಯಲ್ಲಿ 1989ರ ಜೂನ್ 5ರಂದು ಹೊರಟ ಅಧಿಸೂಚನೆ ಖಾಸಗಿ ವೈದ್ಯಕೀಯ ಕಾಲೇಜುಗಳ ವಾರ್ಷಿಕ ಶುಲ್ಕವನ್ನು ಹೀಗೆ ಗೊತ್ತುಮಾಡಿತು: ಸರ್ಕಾರಿ ಸೀಟಿಗೆ 2,000 ರೂಪಾಯಿ, ಕರ್ನಾಟಕದ ಇತರ ವಿದ್ಯಾರ್ಥಿಗಳಿಗೆ 25,000, ಹೊರರಾಜ್ಯದವರಿಗೆ 60,000. ಉತ್ತರ ಪ್ರದೇಶದ ಮೀರತ್ತಿನಿಂದ ತುಮಕೂರಿನ ಒಂದು ಖಾಸಗಿ ವೈದ್ಯಕೀಯ ಕಾಲೇಜಿಗೆ ಅರ್ಜಿ ಹಾಕಿದ ಮೋಹಿನಿ ಜೈನ್ ಈ ದರವನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದರು. 1992ರ ಜುಲೈ 30ರ ತೀರ್ಪಿನಲ್ಲಿ ನ್ಯಾಯಾಲಯ ಇಂಥ ವಸೂಲಿಯನ್ನು ಸಂವಿಧಾನಕ್ಕೆ ವಿರುದ್ಧವೆಂದು ಸಾರಿತು. ಮರುವರ್ಷ ಉನ್ನಿಕೃಷ್ಣನ್ ಮೊಕದ್ದಮೆಯಲ್ಲಿ ಖಾಸಗಿ ಕಾಲೇಜುಗಳ ಅರ್ಧ ಸ್ಥಾನಗಳು ಸರ್ಕಾರಿ ದರದ ‘ಫ್ರೀ ಸೀಟು’, ಅರ್ಧ ‘ಪೇಮೆಂಟ್ ಸೀಟು’ ಎಂಬ ಹಂಚಿಕೆ ಬಂತು. ಆ ವ್ಯವಸ್ಥೆಯನ್ನು ನಡೆಸಲು ಕರ್ನಾಟಕದಲ್ಲಿ 1994ರಲ್ಲಿ ಸಾಮಾನ್ಯ ಪ್ರವೇಶ ಪರೀಕ್ಷಾ ಕೋಶ ಹುಟ್ಟಿತು. ಜನ ಅದನ್ನು ಸಿ.ಇ.ಟಿ. ಎಂದರು.

ಸಿ.ಇ.ಟಿ. ಬಂದ ಆ ವರ್ಷಗಳನ್ನು ನೆನೆದರೆ ಸಣ್ಣ ಊರಿನವರು ಇಂದಿಗೂ ಸ್ವಲ್ಪ ಮೆತ್ತಗಾಗುತ್ತಾರೆ. ಸಂದರ್ಶನವಿಲ್ಲ, ಶಿಫಾರಸಿಲ್ಲ. ಬೆಂಗಳೂರಿನ ಒಂದು ಸಭಾಂಗಣದಲ್ಲಿ ರ‍್ಯಾಂಕಿನ ಕ್ರಮದಲ್ಲಿ ಹೆಸರು ಕರೆಯುತ್ತಿದ್ದರು. ಪರದೆಯ ಮೇಲೆ ಉಳಿದ ಸೀಟುಗಳು ಕಾಣುತ್ತಿದ್ದವು. ಹೊಸದುರ್ಗದ ರೈತನ ಮಗಳು ತನಗೆ ಬೇಕಾದ ಕಾಲೇಜನ್ನು ತಾನೇ ಹೇಳಿ ಆರಿಸಿಕೊಳ್ಳುತ್ತಿದ್ದಳು. ಒಂದರಿಂದ ಹತ್ತನೆಯ ತರಗತಿಯವರೆಗೆ ಗ್ರಾಮಾಂತರ ಶಾಲೆಯಲ್ಲಿ ಓದಿದವರಿಗೆ ನೂರಕ್ಕೆ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ನೂರಕ್ಕೆ 5 ಸ್ಥಾನಗಳ ಮೀಸಲೂ ರೂಢಿಗೆ ಬಂತು. ದೋಷಗಳಿರಲಿಲ್ಲವೆಂದಲ್ಲ. ಒಂದು ಅಂಕಕ್ಕೆ ನೂರಾರು ರ‍್ಯಾಂಕು ಹಿಂದೆ ಬೀಳುವ ಕಾಲ ಅಲ್ಲಿಂದಲೇ ಮೊದಲಾಯಿತು. ಸೋತವರು ಮರುವರ್ಷ ಬರೆಯುವುದೂ ಅಲ್ಲಿಂದಲೇ ರೂಢಿಯಾಯಿತು. ಆದರೂ ಪಠ್ಯ ನಮ್ಮ ಪಿ.ಯು. ಪಠ್ಯವೇ, ಪೈಪೋಟಿ ನಮ್ಮ ರಾಜ್ಯದೊಳಗಿನದೇ ಆಗಿತ್ತು. ಮನೆಯಲ್ಲಿ ಕುಳಿತು ಹಳೆಯ ಪ್ರಶ್ನೆಪತ್ರಿಕೆಗಳನ್ನು ಬಿಡಿಸಿ ಗೆಲ್ಲಬಹುದೆಂಬ ನಂಬಿಕೆಗೆ ಆಧಾರವಿತ್ತು.

ಈಗಿನ ಅಧ್ಯಾಯವನ್ನು ನೀವೆಲ್ಲ ಬಲ್ಲಿರಿ. ಇಡೀ ದೇಶಕ್ಕೆ ಒಂದೇ ಪ್ರವೇಶ ಪರೀಕ್ಷೆಯಾದ ‘ನೀಟ್’ 2013ರಲ್ಲಿ ಮೊದಲ ಸಲ ನಡೆಯಿತು. ಅದೇ ವರ್ಷ ಸರ್ವೋಚ್ಚ ನ್ಯಾಯಾಲಯ ಅದನ್ನು ರದ್ದುಮಾಡಿತು. 2016ರಲ್ಲಿ ತನ್ನ ತೀರ್ಪನ್ನೇ ಹಿಂದಕ್ಕೆ ಪಡೆಯಿತು. 2017ರಿಂದ ನಮ್ಮ ಸರ್ಕಾರಿ ಸೀಟುಗಳಿಗೂ ಅದೇ ಬಾಗಿಲು. ಆ ವರ್ಷ ಕನ್ನಡದಲ್ಲಿಯೂ ಪ್ರಶ್ನೆಪತ್ರಿಕೆ ಬಂತು ಎಂಬುದು ಸಂತೋಷದ ಮಾತೇ. ಆದರೆ ಆ ಪರೀಕ್ಷೆಗೆ ಕನ್ನಡದಲ್ಲಿ ಸಿದ್ಧಗೊಳಿಸುವ ಅಧ್ಯಾಪಕರೆಷ್ಟು, ಪುಸ್ತಕಗಳೆಷ್ಟು ಎಂದು ಕೇಳಿದರೆ ಸಂತೋಷ ಅರ್ಧವಾಗುತ್ತದೆ. 2024ರಲ್ಲಿ 23 ಲಕ್ಷಕ್ಕೂ ಹೆಚ್ಚು ಮಂದಿ ಪರೀಕ್ಷೆಗೆ ಕುಳಿತರು, ದೇಶದ ಎಂ.ಬಿ.ಬಿ.ಎಸ್. ಸೀಟುಗಳು ಲಕ್ಷವನ್ನು ದಾಟಿ ಸ್ವಲ್ಪವೇ ಮುಂದೆ ಇದ್ದವು. ಎಷ್ಟು ಸಲ ಬೇಕಾದರೂ ಬರೆಯಬಹುದು. ವಯಸ್ಸಿನ ಮೇಲ್ಮಿತಿಯನ್ನೂ 2022ರಲ್ಲಿ ತೆಗೆದರು. ಬಾಗಿಲು ಎಂದೆಂದಿಗೂ ತೆರೆದಿದೆ ಎನ್ನುವುದು ಉದಾರವಾಗಿ ಕೇಳಿಸುತ್ತದೆ. ಆದರೆ ಎಂದೆಂದಿಗೂ ತೆರೆದ ಬಾಗಿಲಿನ ಮುಂದೆ ಎಷ್ಟು ಕಾಲ ನಿಲ್ಲಬಲ್ಲೆ ಎಂಬುದು ಮನೆಯ ಕಣಜವನ್ನು ಅವಲಂಬಿಸಿದೆ.

ಪಕ್ಕದ ತಮಿಳುನಾಡಿನಲ್ಲಿ ನ್ಯಾಯಮೂರ್ತಿ ಎ.ಕೆ. ರಾಜನ್ ಸಮಿತಿ 2021ರಲ್ಲಿ ಈ ಸಂಗತಿಯನ್ನು ಲೆಕ್ಕಹಾಕಿ ನೋಡಿತು. ನೀಟ್ ಜಾರಿಗೆ ಬರುವ ಮೊದಲು, 2016-17ರಲ್ಲಿ, ಅಲ್ಲಿ ವೈದ್ಯಕೀಯಕ್ಕೆ ಸೇರಿದವರಲ್ಲಿ ಎರಡನೆಯ ಅಥವಾ ನಂತರದ ಪ್ರಯತ್ನದವರು ನೂರಕ್ಕೆ ಸುಮಾರು 12 ಮಂದಿ. 2020-21ರಲ್ಲಿ ಅದು ನೂರಕ್ಕೆ 71ಕ್ಕೆ ಏರಿತ್ತು. ಅಂದರೆ ಕಾಯುವ ವರ್ಷ ಸೋತವನ ಪಾಡಾಗಿ ಉಳಿಯದೆ ಗೆಲ್ಲುವವನ ನಿಯಮವೇ ಆಗಿಹೋಯಿತು. ಸಮಿತಿಯ ಲೆಕ್ಕಕ್ಕೂ ಮೊದಲೇ, 2020ರಲ್ಲಿ, ಆ ರಾಜ್ಯ ಸರ್ಕಾರಿ ಶಾಲೆಗಳಲ್ಲಿ ಓದಿದವರಿಗೆ ವೈದ್ಯಕೀಯ ಸೀಟುಗಳಲ್ಲಿ ನೂರಕ್ಕೆ 7.5ರ ಒಳಮೀಸಲನ್ನು ಕೊಟ್ಟಿತು. ನಮ್ಮ ವಿಧಾನಮಂಡಲವೂ 2024ರ ಜುಲೈನಲ್ಲಿ ನೀಟ್ ಬೇಡವೆಂಬ ನಿರ್ಣಯವನ್ನು ಅಂಗೀಕರಿಸಿತು. ನಿರ್ಣಯ ಕಾಗದದ ಮೇಲಿದೆ. ಹುಡುಗರು ಬಸ್ಸು ಹತ್ತುತ್ತಿದ್ದಾರೆ.

ಎಲ್ಲಿಗೆ ಹೋಗುವ ಬಸ್ಸು? ಕರಾವಳಿಗೆ, ಬೆಂಗಳೂರಿಗೆ, ಕೆಲವರು ಹೈದರಾಬಾದಿಗೆ, ದೂರದ ರಾಜಸ್ಥಾನದ ಕೋಟಾ ಪಟ್ಟಣಕ್ಕೂ. ಈ ವರ್ಷಕ್ಕೆ ಈಗ ‘ಲಾಂಗ್ ಟರ್ಮ್’ ಎಂಬ ಹೆಸರಿದೆ. ಅದು ಯಾವ ವಿಶ್ವವಿದ್ಯಾನಿಲಯದ ವರ್ಷವೂ ಅಲ್ಲ. ಅದಕ್ಕೆ ಪ್ರಯೋಗಶಾಲೆಯಿಲ್ಲ, ಅಂಕಪಟ್ಟಿಯಿಲ್ಲ. ಗೆದ್ದರೆ ಸೀಟು; ಸೋತರೆ ಆ ಹನ್ನೆರಡು ತಿಂಗಳು ವಿದ್ಯಾರ್ಥಿಯ ಜೀವನಚರಿತ್ರೆಯಲ್ಲಿ ಖಾಲಿ ಹಾಳೆ. ನನ್ನ ಮೇಷ್ಟ್ರಿಗೆ ಉಳಿದಿದ್ದ ಪದವಿಯಂಥದ್ದೇನೂ ಇವರಿಗೆ ಉಳಿಯುವುದಿಲ್ಲ. ಹೆಣ್ಣುಮಕ್ಕಳ ವಿಷಯದಲ್ಲಂತೂ ಈ ವರ್ಷದ ತೂಕವೇ ಬೇರೆ. ಮಗನಾದರೆ "ಇನ್ನೊಂದು ವರ್ಷ ನೋಡೋಣ" ಎನ್ನುವ ಮನೆ, ಮಗಳಾದರೆ "ಸಿಕ್ಕಿದ್ದಕ್ಕೆ ಸೇರಿಕೊಳ್ಳಲಿ" ಎನ್ನುತ್ತದೆ. ಒಂದೇ ಅಂಕ ಪಡೆದ ಅಣ್ಣ ತಂಗಿಯರಲ್ಲಿ ಒಬ್ಬನಿಗೆ ಎರಡನೆಯ ಅವಕಾಶ, ಇನ್ನೊಬ್ಬಳಿಗೆ ಒಂದೇ. ಇದನ್ನು ಯಾವ ರ‍್ಯಾಂಕುಪಟ್ಟಿಯೂ ತೋರಿಸುವುದಿಲ್ಲ.

ಇದೆಲ್ಲ ನಡೆಯುತ್ತಿರುವಾಗಲೇ ಚಿತ್ರದುರ್ಗ ಪಟ್ಟಣಕ್ಕೆ ವೈದ್ಯಕೀಯ ಕಾಲೇಜುಗಳು ಬಂದವು ಎಂಬುದನ್ನೂ ಹೇಳಬೇಕು. 1999ರಲ್ಲಿ ಬಸವೇಶ್ವರ ವೈದ್ಯಕೀಯ ಕಾಲೇಜು ಆರಂಭವಾಯಿತು. ಬಹುಕಾಲದ ಬೇಡಿಕೆಯಾಗಿದ್ದ ಸರ್ಕಾರಿ ವೈದ್ಯಕೀಯ ಕಾಲೇಜು 2023ರಲ್ಲಿ 150 ಸೀಟುಗಳೊಂದಿಗೆ ಬಾಗಿಲು ತೆರೆಯಿತು. ಮದರಾಸು, ಬೆಂಗಳೂರು, ಮೈಸೂರು, ದಾವಣಗೆರೆಗಳ ಮೂಲಕ ನೂರು ವರ್ಷ ನಡೆದು ವೈದ್ಯಶಾಸ್ತ್ರ ಕೊನೆಗೆ ಕೋಟೆಯ ಕೆಳಗೆ ಬಂದು ನಿಂತಿದೆ. ರೋಗಿಗಳಿಗೆ ಇದರಿಂದ ಆಗುವ ಉಪಕಾರ ದೊಡ್ಡದು. ಅದನ್ನು ಯಾರೂ ಕಡಿಮೆಯೆಣಿಸಬಾರದು. ಆದರೆ ವಿದ್ಯಾರ್ಥಿಯ ಕಡೆಯಿಂದ ನೋಡಿದರೆ ಒಂದು ವಿಚಿತ್ರ ಕಾಣುತ್ತದೆ. ಕಾಲೇಜು ಊರಿಗೆ ಬಂತು. ಕಾಲೇಜಿಗೆ ಸೇರಲು ಬೇಕಾದ ವರ್ಷ ಊರು ಬಿಟ್ಟು ಹೋಯಿತು. ಅಂದು ಕಾಲೇಜು ದೂರವಿತ್ತು, ಕಾಯುವ ವರ್ಷ ಹತ್ತಿರದಲ್ಲಿತ್ತು. ಇಂದು ಹಿರಿಯೂರಿನ ಹುಡುಗಿ ನಲವತ್ತು ಕಿಲೋಮೀಟರು ದೂರದ ಚಿತ್ರದುರ್ಗದ ಕಾಲೇಜಿನಲ್ಲಿ ಓದಬೇಕೆಂದರೆ ಮೊದಲು ಮುನ್ನೂರು ಕಿಲೋಮೀಟರು ದೂರದಲ್ಲಿ ಒಂದು ವರ್ಷ ಕಳೆದು ಬರಬೇಕು.

ನಮ್ಮ ದುರ್ಗಕ್ಕೆ ಏಳು ಸುತ್ತು. ಮದಕರಿ ನಾಯಕನ ಕಾಲದಲ್ಲಿ ಹೈದರಾಲಿಯ ಸೈನಿಕರು ಮುಖ್ಯದ್ವಾರ ಬಿಟ್ಟು ಕಿಂಡಿಯನ್ನು ಹುಡುಕಿ ನುಗ್ಗಿದ ಕಥೆಯನ್ನು ಇಲ್ಲಿನ ಮಕ್ಕಳು ತೊಟ್ಟಿಲಲ್ಲೇ ಕೇಳಿರುತ್ತಾರೆ. ವೈದ್ಯವಿದ್ಯೆಯ ಕೋಟೆಗೂ ಸುತ್ತುಗಳಿರುವುದು ತಪ್ಪಲ್ಲ. ಒಬ್ಬ ಮನುಷ್ಯನ ಪ್ರಾಣವನ್ನು ಇನ್ನೊಬ್ಬನ ಕೈಗೆ ಒಪ್ಪಿಸುವಾಗ ಪರೀಕ್ಷೆ ಕಠಿಣವಾಗಿಯೇ ಇರಬೇಕು. ಪರೀಕ್ಷೆ ಬೇಡವೆನ್ನುವವನು ನಾನಲ್ಲ. ಸಂದರ್ಶನದ ಕೊಠಡಿಗಿಂತ, ಡೊನೇಷನ್ನಿನ ಚೀಲಕ್ಕಿಂತ ಪರೀಕ್ಷೆಯ ಹಾಳೆ ಮೇಲು. ಆದರೆ ಪರೀಕ್ಷೆಗೆ ಮುಂಚಿನ ವರ್ಷವನ್ನು ಪೂರ್ತಿಯಾಗಿ ಮಾರುಕಟ್ಟೆಗೆ ಬಿಟ್ಟಮೇಲೆ ಪರೀಕ್ಷೆಯೂ ಅರ್ಧ ಮಾರುಕಟ್ಟೆಯದೇ ಆಗುತ್ತದೆ.

ಆದ್ದರಿಂದ ಇತಿಹಾಸ ಹೇಳುವ ಮಾತು ಇಷ್ಟು. ಆ ವರ್ಷವನ್ನು ಮತ್ತೆ ಸಾರ್ವಜನಿಕ ಮಾಡಬೇಕು. ಇದು ಹೊಸ ಕಲ್ಪನೆಯೇನೂ ಅಲ್ಲ. ಪ್ರೀ-ಪ್ರೊಫೆಷನಲ್ ವರ್ಷ ಬಿ.ಎಸ್‌ಸಿ.ಯ ಮೊದಲ ವರ್ಷದ ಪಕ್ಕದಲ್ಲೇ ಇದ್ದ ಕಾಲವನ್ನು ನಾವೇ ಕಂಡಿದ್ದೇವೆ. ಪ್ರತಿ ಜಿಲ್ಲಾಕೇಂದ್ರದ ಸರ್ಕಾರಿ ವಿಜ್ಞಾನ ಕಾಲೇಜಿನಲ್ಲಿ, ಮತ್ತೊಮ್ಮೆ ಪರೀಕ್ಷೆ ಬರೆಯುವವರಿಗಾಗಿ ಒಂದು ವರ್ಷದ ತರಗತಿ ಇರಲಿ. ಬೆಳಿಗ್ಗೆ ಪ್ರವೇಶ ಪರೀಕ್ಷೆಯ ಸಿದ್ಧತೆ, ಮಧ್ಯಾಹ್ನ ಪದವಿಯ ಪಾಠ ನಡೆಯಲಿ. ಓದಿದ್ದು ಬಿ.ಎಸ್‌ಸಿ.ಯ ಮೊದಲ ವರ್ಷವೆಂದು ಲೆಕ್ಕಕ್ಕೆ ಬರಲಿ. ಸೀಟು ಸಿಕ್ಕವರು ಸಂತೋಷದಿಂದ ಹೋಗಲಿ. ಸಿಗದವರು ಎರಡನೆಯ ವರ್ಷಕ್ಕೆ ತಲೆಯೆತ್ತಿ ನಡೆಯಲಿ. ಊಟಕ್ಕೂ ವಾಸಕ್ಕೂ ಹಿಂದುಳಿದ ವರ್ಗಗಳ ಮತ್ತು ಪರಿಶಿಷ್ಟರ ವಿದ್ಯಾರ್ಥಿನಿಲಯಗಳು ಎಲ್ಲ ತಾಲ್ಲೂಕುಗಳಲ್ಲಿ ಈಗಾಗಲೇ ಇವೆ. 2020ರ ಸೋಂಕಿನ ಕಾಲದಲ್ಲಿ ಸರ್ಕಾರ ಪ್ರವೇಶ ಪರೀಕ್ಷೆಗಳ ಉಚಿತ ಪಾಠಗಳನ್ನು ಅಂತರ್ಜಾಲದಲ್ಲಿ ಒದಗಿಸಿದ್ದುಂಟು. ಪಾಠಗಳಿದ್ದವು, ಎದುರಿಗೆ ಕುಳಿತು "ಇದು ಅರ್ಥವಾಯಿತೇ?" ಎಂದು ಕೇಳುವವರಿರಲಿಲ್ಲ. ಅಮೆರಿಕದ ಕಾಲೇಜುಗಳಿಂದ ಕಲಿಯಬೇಕಾದದ್ದೂ ಇದನ್ನೇ. ಎರಡನೆಯ ಪ್ರಯತ್ನಕ್ಕೆ ಒಂದು ಸಂಸ್ಥೆಯ ಗೌರವ ಬೇಕು.

ತಾಳಿದವನು ಬಾಳಿಯಾನು ಎಂಬುದು ನಮ್ಮ ಗಾದೆ. ಗಾದೆ ಸುಳ್ಳಲ್ಲ. ಆದರೆ ತಾಳಲು ಒಂದು ನೆಲೆ ಬೇಕು ಎಂಬುದನ್ನು ಅದು ಹೇಳದೆ ಬಿಟ್ಟಿದೆ. ಮಾರಿಕಣಿವೆಯ ನೀರು ಎಂಬತ್ತೊಂಬತ್ತು ವರ್ಷ ಕಾದದ್ದು ನಿಜ. ಅದು ಕಾಯಲು ಸಾಧ್ಯವಾದದ್ದು ಯಾರೋ ಮುಂದಾಲೋಚನೆಯಿಂದ ಕಲ್ಲಿನ ಕಟ್ಟೆಯೊಂದನ್ನು ಕಟ್ಟಿದ್ದರಿಂದ. ಹೊಸದುರ್ಗದ, ಹೊಳಲ್ಕೆರೆಯ, ಹಿರಿಯೂರಿನ ಮಕ್ಕಳಿಗೆ ಕಾಯುವ ಶಕ್ತಿಯಿದೆ. ಕಟ್ಟೆಯನ್ನು ಕಟ್ಟಿಕೊಡಬೇಕಾದವರು ನಾವು.